ರಾಮಗಢ ಕಟ್ಟಿದವರು

ಸಕಲೇಶಪುರ, ಆಲೂರು ಕಡೆಯವರಿಗೆ ಸಿನಿಮಾ ಶೂಟಿಂಗ್ ಈಗ ಬೆರಗಿನ ಸಂಗತಿಯಲ್ಲ. 2006ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ ನಮ್ಮ ಮಳೆಯನ್ನೂ ಹಸಿರನ್ನೂ ನಾಡಿಗೆಲ್ಲ ತೋರಿಸಿದ ಮೇಲಂತೂ ಎಸ್ಟೇಟ್ ರಸ್ತೆಯಲ್ಲಿ ಜನರೇಟರ್ ವ್ಯಾನು ನಿಂತಿದ್ದರೆ ದನಗಳೂ ಬೆದರುವುದಿಲ್ಲ. ಆದರೆ ಏನು ಮಾಡಿದರೂ ಈ ಗುಡ್ಡಗಳಲ್ಲಿ ತೆಗೆಯಲಾಗದ ಒಂದು ಬಗೆಯ ಸಿನಿಮಾ ಇದೆ: ಕುದುರೆ, ಬಂದೂಕು, ಸೇಡುಗಳ ‘ವೆಸ್ಟರ್ನ್’. ಅಲ್ಲಿ ಕುದುರೆ ಓಡಿದರೆ ಧೂಳು ಏಳಬೇಕು. ಇಲ್ಲಿ ಕೆಸರು ಹಾರುತ್ತದೆ. ಅಲ್ಲಿ ಶತ್ರು ಮೈಲಿ ದೂರದಿಂದಲೇ ಕಾಣಬೇಕು. ಇಲ್ಲಿ ಕಾಫಿ ಗಿಡದ ಹಿಂದೆ ಆನೆ ನಿಂತಿದ್ದರೂ ಗೊತ್ತಾಗುವುದಿಲ್ಲ.

ಅದಕ್ಕೆ ಬೇಕಾದ ನೆಲ ನೋಡಬೇಕಾದರೆ ಘಟ್ಟದ ಕಡೆಗೆ ಬೆನ್ನು ಹಾಕಿ, ಹಾಸನ ದಾಟಿ, ಕುಣಿಗಲ್ ಮಾಗಡಿ ಮೇಲಾಗಿ ರಾಮನಗರಕ್ಕೆ ಹೋಗಬೇಕು. ಅಲ್ಲಿನ ಬಂಡೆಗೆ ಸುಮಾರು 250 ಕೋಟಿ ವರ್ಷ. ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನಿಂದ ಊರಿಗೆ ಬಂದಿದ್ದ ಹಳೆಯ ಹೆಸರು ಕ್ಲೋಸ್‌ಪೇಟೆ; ಭೂವಿಜ್ಞಾನಿಗಳು ಈ ಕಲ್ಲನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಆ ಊರಿನ ಬೆಟ್ಟದ ತಪ್ಪಲಲ್ಲಿ 1973ರ ಅಕ್ಟೋಬರ್‌ನಲ್ಲಿ ‘ಶೋಲೆ’ಯ ಚಿತ್ರೀಕರಣ ಶುರುವಾಯಿತು. ಅಮಿತಾಭ್, ಧರ್ಮೇಂದ್ರ, ಡಕಾಯಿತ ಗಬ್ಬರ್ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಈ ಲೇಖನ ಹೆಚ್ಚಾಗಿ, ಹೆಸರು ತೆರೆಯ ಮೇಲೆ ಸರಿದು ಹೋಗುವಾಗ ನಾವು ಕುರ್ಚಿ ಹುಡುಕುತ್ತಿರುತ್ತೇವಲ್ಲ, ಅವರ ಬಗ್ಗೆ.

ನಿರ್ದೇಶಕ ರಮೇಶ್ ಸಿಪ್ಪಿಗೆ ಆಗ 26 ವರ್ಷ. ‘ಸೀತಾ ಔರ್ ಗೀತಾ’ ಗೆದ್ದಿತ್ತು, ತಂದೆ ಜಿ.ಪಿ. ಸಿಪ್ಪಿ ದುಡ್ಡು ಹಾಕಲು ತಯಾರಿದ್ದರು, ಸಲೀಂ–ಜಾವೇದ್ ಕೈಯಲ್ಲಿ ಕಥೆಯ ಎಳೆಯೊಂದಿತ್ತು. ಅದು ಪೂರ್ತಿ ಹೊಸದೇನಲ್ಲ. ಊರು ಕಾಯಲು ಕೂಲಿಗೆ ಹೋರಾಟಗಾರರನ್ನು ಕರೆಸುವ ಕಥೆಯನ್ನು ಅಕಿರಾ ಕುರೊಸಾವಾ 1954ರಲ್ಲೇ ‘ಸೆವೆನ್ ಸಮುರಾಯ್’ನಲ್ಲಿ ಹೇಳಿದ್ದರು, 1960ರಲ್ಲಿ ಹಾಲಿವುಡ್ ಅದನ್ನೇ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಮಾಡಿಕೊಂಡಿತು. ‘ಶೋಲೆ’ಯಲ್ಲಿ ಹಾಗೆ ವೀರು, ಜೈ ಎಂಬಿಬ್ಬರನ್ನು ಕರೆಸುವ ಠಾಕೂರನ ಕುಟುಂಬದ ಕೊಲೆಯ ದೃಶ್ಯದಲ್ಲಿ ಸರ್ಜಿಯೋ ಲಿಯೋನೆಯ 1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ ಎದ್ದು ಕಾಣುತ್ತದೆ. ಲಿಯೋನೆ ಇಟಲಿಯವನು, ತನ್ನ ಅಮೆರಿಕದ ಬಹುಪಾಲನ್ನು ಕಟ್ಟಿದ್ದು ಸ್ಪೇನ್‌ನ ಅಲ್ಮೇರಿಯಾದ ಬರಡು ನೆಲದಲ್ಲಿ. ಇಟಲಿಯವನು ಸ್ಪೇನ್‌ನಲ್ಲಿ ಅಮೆರಿಕ ಕಟ್ಟಬಹುದಾದರೆ ಮುಂಬೈಯವರು ಮೈಸೂರು ರಸ್ತೆಯ ಬದಿಯಲ್ಲಿ ಉತ್ತರ ಭಾರತದ ಹಳ್ಳಿ ಕಟ್ಟಿದ್ದರಲ್ಲಿ ತಪ್ಪೇನಿದೆ? ಕುರೊಸಾವಾನ ಅದೇ ಪ್ರಭಾವ ಕನ್ನಡಕ್ಕೂ ಬಂತು. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ 1978ರಲ್ಲಿ ಬಂದು ಶಂಕರ್ ನಾಗ್ ಎಂಬ ನಟನನ್ನು ನಮಗೆ ಕೊಟ್ಟಿತು.

ಡಕಾಯಿತರ ಸಿನಿಮಾ ಅಂದರೆ ಚಂಬಲ್ ಕಣಿವೆ ಅನ್ನುವುದು ಆಗಿನ ರೂಢಿ. ಸಿಪ್ಪಿಗೆ ಅದು ಬೇಡವಾಗಿತ್ತು. ಜಾಗ ಹುಡುಕಲು ಹೊರಟ ಕಲಾ ನಿರ್ದೇಶಕ ರಾಮ್ ಯೇಡೇಕರ್ ಕಣ್ಣಿಗೆ ಬಿದ್ದದ್ದು ರಾಮನಗರದ ಬಂಡೆಗಳು. ನನ್ನ ಮಟ್ಟಿಗೆ ಈ ಚಿತ್ರದ ಅರ್ಧ ಯಶಸ್ಸು ಯೇಡೇಕರ್ ಅವರದೇ. ಬೆಂಗಳೂರು ಹೆದ್ದಾರಿಯಿಂದ ಬಂಡೆಯ ಬುಡದವರೆಗೆ ಮೊದಲು ರಸ್ತೆಯಾಗಬೇಕಾಯಿತು. ಆಮೇಲೆ ಠಾಕೂರನ ಮನೆ, ಗುಡಿ, ಮಸೀದಿ, ವೀರು ಕುಡಿದು ಹತ್ತುವ ನೀರಿನ ಟ್ಯಾಂಕು, ಹೀಗೆ ಕಥೆಯ ಹಳ್ಳಿ ರಾಮಗಢ ಇಡಿಯಾಗಿ ಎದ್ದಿತು. ಸಾಮಾನ್ಯವಾಗಿ ಸೆಟ್ಟಿಗೆ ಮುಂದಿನ ಗೋಡೆ ಇದ್ದರೆ ಸಾಕು, ಹಿಂದೆ ಬರೀ ಬಿದಿರು. ಯೇಡೇಕರ್ ಕಟ್ಟಿದ್ದು ನಡೆದಾಡಬಹುದಾದ ಹಳ್ಳಿ, ಅದೂ ಮೇಲೆ ಬಂಡೆ, ಕೆಳಗೆ ಮನೆ ಒಂದೇ ಚೌಕಟ್ಟಿನಲ್ಲಿ ಸಿಗುವ ಹಾಗೆ. ಗಬ್ಬರ್ ಮೇಲಿದ್ದಾನೆ, ಊರು ಕೆಳಗಿದೆ ಎಂಬ ಭಯವನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಚಿತ್ರತಂಡ ಬಿಡಾರ ಹೂಡಿದ ಆ ಜಾಗಕ್ಕೆ ಸ್ಥಳೀಯರ ಬಾಯಲ್ಲಿ ‘ಸಿಪ್ಪಿನಗರ’ ಎಂಬ ಹೆಸರೇ ಬಂತು.

ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರ ಕೆಲಸವೆಂದರೆ ಕಾಯುವುದು. ವಿಧವೆ ರಾಧಾ ಮನೆಯ ದೀಪಗಳನ್ನು ಒಂದೊಂದಾಗಿ ಆರಿಸುತ್ತಾಳೆ, ಆಚೆ ಜೈ ಮೌತ್ ಆರ್ಗನ್ ನುಡಿಸುತ್ತಾನೆ. ಸೂರ್ಯ ಮುಳುಗಿ ಕತ್ತಲಾಗುವ ಮುನ್ನ ಸಿಗುವ ಕೆಲವೇ ನಿಮಿಷಗಳ ಬೆಳಕಿನಲ್ಲೇ ಅದನ್ನು ಹಿಡಿಯಬೇಕೆಂದು ಹಟ. ಅಂದಾಜು 20 ದಿನ ಹೋಯಿತು. ಇಮಾಮ್ ಸಾಹೇಬರ ಮಗನ ಸಾವಿನ ದೃಶ್ಯಕ್ಕೆ 19 ದಿನ, ಗೆಳೆತನದ ಹಾಡಿಗೆ 21 ದಿನ. ಇಂದಿನ ನಿರ್ಮಾಪಕರು ಈ ಲೆಕ್ಕ ಕೇಳಿದರೆ ಎದೆ ಹಿಡಿದುಕೊಂಡಾರು. ಮೂರನೇ ದಿನವೇ ಯಾರೋ ಒಬ್ಬರು ‘ಸಾಕು, ಇಷ್ಟೇ ಇರಲಿ’ ಅಂದಿದ್ದರೆ ಆ ದೀಪಗಳು ಇಂದಿಗೂ ನಮ್ಮ ನೆನಪಿನಲ್ಲಿ ಉಳಿಯುತ್ತಿರಲಿಲ್ಲ.

ಸಾಹಸ ದೃಶ್ಯಗಳಿಗೆ ಬ್ರಿಟನ್ನಿನಿಂದ ಜಿಮ್ ಅಲೆನ್, ಜೆರ್ರಿ ಕ್ರಾಂಪ್ಟನ್ ಮುಂತಾದವರು ಬಂದರು. ರೈಲು ದರೋಡೆಯನ್ನು ರಾಮನಗರದಲ್ಲಿ ತೆಗೆಯಲಿಲ್ಲ; ಮುಂಬೈ–ಪುಣೆ ಮಾರ್ಗದಲ್ಲಿ, ಪನ್ವೇಲ್ ಹತ್ತಿರ, ಏಳು ವಾರಕ್ಕೂ ಹೆಚ್ಚು ಹಿಡಿಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ನಮ್ಮ ಘಟ್ಟದ ರೈಲು ಶುರುವಾದದ್ದು 1979ರಲ್ಲಿ. ನಾಲ್ಕೈದು ವರ್ಷ ಮೊದಲೇ ಆಗಿದ್ದರೆ ಎಡಕುಮೇರಿಯ ಸುರಂಗಗಳಿಗೂ ಒಂದು ಅವಕಾಶ ಸಿಗುತ್ತಿತ್ತೇನೋ ಎಂದು ನಾವು ಹೊಟ್ಟೆ ಉರಿದುಕೊಳ್ಳಬಹುದು, ಅಷ್ಟೇ.

ಬಸಂತಿಯ ಟಾಂಗಾ ಓಟ ನೆನಪಿದೆಯಲ್ಲ? ಅಪಾಯದ ಭಾಗಗಳಲ್ಲಿ ಲಗಾಮು ಹಿಡಿದದ್ದು ಹೇಮಾಮಾಲಿನಿ ಅಲ್ಲ, ರೇಷ್ಮಾ ಪಠಾಣ್. ಹೆಣ್ಣಿನ ಸಾಹಸಕ್ಕೂ ಗಂಡಸರಿಗೇ ಸೀರೆ ಉಡಿಸುತ್ತಿದ್ದ ಕಾಲದಲ್ಲಿ, ಹದಿಹರೆಯದಲ್ಲೇ ಈ ಕೆಲಸಕ್ಕೆ ಇಳಿದ ಹೆಣ್ಣುಮಗಳು. ಟಾಂಗಾ ಮಗುಚಿ ಮೈಮೇಲೆ ಬಿದ್ದು ಪೆಟ್ಟಾದರೂ ಕೆಲಸಕ್ಕೆ ಮರಳಿದರು. ಅವರ ಬದುಕಿನ ಮೇಲೆ ‘ದಿ ಶೋಲೆ ಗರ್ಲ್’ ಎಂಬ ಚಿತ್ರ ಬರಲು 2019ರವರೆಗೆ ಕಾಯಬೇಕಾಯಿತು.

ಗಬ್ಬರ್ ಪಾತ್ರ ಮೊದಲು ಡ್ಯಾನಿ ಡೆನ್ಜೊಂಗ್ಪಾ ಅವರದಾಗಿತ್ತು. ‘ಧರ್ಮಾತ್ಮ’ ಚಿತ್ರಕ್ಕೆ ಅಫ್ಘಾನಿಸ್ತಾನಕ್ಕೆ ಹೋಗಬೇಕಾಗಿದ್ದರಿಂದ ಬಿಟ್ಟರು. ಬಂದವರು ಹೆಚ್ಚು ಜನಕ್ಕೆ ಪರಿಚಯವಿಲ್ಲದ ಅಮ್ಜದ್ ಖಾನ್. ಚಂಬಲ್ ಡಕಾಯಿತರ ಬಗ್ಗೆ ಪತ್ರಕರ್ತ ತರುಣ್ ಕುಮಾರ್ ಭಾದುರಿ ಬರೆದ ಪುಸ್ತಕ ಓದಿ ತಯಾರಾದರು. ಆ ಲೇಖಕ ಸೆಟ್ಟಿನಲ್ಲೇ ಇದ್ದ, ರಾಧಾ ಪಾತ್ರದ ಜಯಾ ಅವರ ತಂದೆ. ಬಂಡೆಯ ಮೇಲೆ ಕೂರುವ ಸಾಂಭಾ, ಅಂದರೆ ಮ್ಯಾಕ್ ಮೋಹನ್, ಇಡೀ ಚಿತ್ರದಲ್ಲಿ ಆಡುವುದು ಒಂದೆರಡು ಮಾತು. ಅಷ್ಟಕ್ಕೇ ಮುಂಬೈಯಿಂದ ಹಲವು ಸಲ ಓಡಾಡಿದರು. ಹೆಚ್ಚು ಮಾತಿದ್ದ ಎಷ್ಟೋ ನಟರನ್ನು ಜನ ಮರೆತರು, ಅವರನ್ನು ಮರೆತಿಲ್ಲ.

ಇಷ್ಟೆಲ್ಲ ತೆಗೆದ ಲಕ್ಷಾಂತರ ಅಡಿ ಫಿಲಂ ಬಂದು ನಿಂತದ್ದು ಸಂಕಲನಕಾರ ಎಂ.ಎಸ್. ಶಿಂದೆ ಅವರ ಮೇಜಿನ ಮೇಲೆ. ಉಳಿದದ್ದು 204 ನಿಮಿಷ. ಆ ಹೊತ್ತಿಗೆ ದೇಶದಲ್ಲಿ ತುರ್ತುಪರಿಸ್ಥಿತಿ. ಮಾಜಿ ಪೊಲೀಸ್ ಅಧಿಕಾರಿಯಾದ ಠಾಕೂರ್ ಮೊಳೆ ಹೊಡೆದ ಬೂಟಿನಿಂದ ಗಬ್ಬರನನ್ನು ತುಳಿದು ಕೊಲ್ಲುವ ಕೊನೆಯನ್ನು ಸೆನ್ಸಾರ್ ಒಪ್ಪಲಿಲ್ಲ. ರಷ್ಯಾಕ್ಕೆ ಹೋಗಿದ್ದ ಸಂಜೀವ್ ಕುಮಾರ್ ಅವಸರದಲ್ಲಿ ಹಿಂದಿರುಗಿದರು, ತಂಡ ಮತ್ತೆ ರಾಮನಗರಕ್ಕೆ ಬಂತು, ಗಬ್ಬರನನ್ನು ಪೊಲೀಸರಿಗೆ ಒಪ್ಪಿಸಲಾಯಿತು. ಇದು ಚಿತ್ರಕ್ಕಾದ ಅನ್ಯಾಯ ಎಂದೇ ನನ್ನ ಅಭಿಪ್ರಾಯ; ಮೂರು ಗಂಟೆ ಕೂಡಿಟ್ಟ ಸಿಟ್ಟು ಕೊನೆಗೆ ಕೈಕೋಳದಲ್ಲಿ ಮುಗಿಯಿತು. ಮೂಲ ಅಂತ್ಯವಿರುವ ಪ್ರತಿಯನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ದುರಸ್ತಿ ಮಾಡಿ, 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ತೋರಿಸಿತು.

1975ರ ಆಗಸ್ಟ್ 15ರಂದು ಬಿಡುಗಡೆಯಾದ ಚಿತ್ರ ಮುಂಬೈಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷ ಓಡಿತು. ಫಿಲ್ಮ್‌ಫೇರ್ ಕೊಟ್ಟದ್ದು ಒಂದೇ ಪ್ರಶಸ್ತಿ, ಶಿಂದೆಯವರ ಸಂಕಲನಕ್ಕೆ.

ರಾಮಗಢ ನೋಡಬೇಕೆಂದು ಹೊರಡುವವರಿಗೆ ಒಂದು ಮಾತು. ಸೆಟ್ಟು ಯಾವತ್ತೋ ಬಿಚ್ಚಿ ಹೋಗಿದೆ. ಇರುವುದು ಬಂಡೆಗಳು ಮಾತ್ರ. ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೂ ಈ ಕಡೆಯ ಬಂಡೆಗಳನ್ನೇ ಬಳಸಿದರು. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ. ಅವು ಗೂಡು ಕಟ್ಟುವುದು ಆ ಬಂಡೆಯ ಅಂಚುಗಳಲ್ಲೇ. ಆದ್ದರಿಂದ ಗಬ್ಬರನ ದನಿಯಲ್ಲಿ ಕೂಗುವ ಆಸೆಯನ್ನು ದಯವಿಟ್ಟು ಮನೆಯಲ್ಲೇ ತೀರಿಸಿಕೊಂಡು ಹೋಗಿ.