ಕಡ್ಡಿಯು ಬೇರೂರುವ ಕಾಲ

ಗುಲಾಬಿ, ದಾಸವಾಳ, ಮಲ್ಲಿಗೆ ಮೊದಲಾದ ಗಿಡಗಳು ಕಡ್ಡಿಯ ರೂಪದಲ್ಲಿಯೇ ಮನೆಯಿಂದ ಮನೆಗೆ ಹೋಗುತ್ತವೆಂಬುದು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ಪೋಷಕರಿಗೂ ತಿಳಿದ ಸಂಗತಿಯೇ. ತಾವರಗೇರಾ, ಕುಷ್ಟಗಿಗಳ ಸುತ್ತಿನ ಹೊಲಗಳಲ್ಲಿ ದಾಳಿಂಬೆಯ ತೋಟಗಳೆದ್ದ ಮೇಲಂತೂ ಕಡ್ಡಿ ನೆಡುವುದು ಎಷ್ಟೋ ಸಂಸಾರಗಳ ಜೀವನೋಪಾಯಕ್ಕೆ ಸಂಬಂಧಿಸಿದ ವಿಷಯವಾಗಿದೆ. ಬೀಜದ ಸಸಿಯು ತಾಯಿಗಿಡದ ಗುಣವನ್ನು ತಪ್ಪದೆ ತರುವುದೆಂಬ ಭರವಸೆಯಿಲ್ಲ. ಕಡ್ಡಿಯ ಸಸಿಯಾದರೋ ಅದನ್ನು ತರುತ್ತದೆ. ಆದರೂ ನೆಟ್ಟ ಕಡ್ಡಿಗಳಲ್ಲಿ ಅನೇಕವು ಕೆಲವು ವಾರ ಹಸಿರಾಗಿದ್ದು ಆಮೇಲೆ ಒಣಗಿಹೋಗುವುದೇಕೆಂಬುದನ್ನು ವಿಚಾರಿಸೋಣ.

ಬೇರಿಲ್ಲದ ಕಡ್ಡಿಯು ಹೀರಬಲ್ಲ ನೀರು ಅತ್ಯಲ್ಪ. ಎಲೆಗಳಾದರೋ ತಮ್ಮ ಸೂಕ್ಷ್ಮ ರಂಧ್ರಗಳ ಮೂಲಕ ನೀರಾವಿಯನ್ನು ಬಿಡುತ್ತಲೇ ಇರುತ್ತವೆ. ಆದಾಯಕ್ಕಿಂತ ವೆಚ್ಚ ಹೆಚ್ಚಿದ ಮನೆಯಂತೆ ಕಡ್ಡಿಯು ಸೊರಗುತ್ತದೆ. ಆದಕಾರಣ ಎಲೆಯುಳ್ಳ ಎಳೆಯ ಕಡ್ಡಿಯಲ್ಲಿ ತುದಿಯ ಎರಡು ಮೂರು ಎಲೆಗಳನ್ನು ಮಾತ್ರ ಉಳಿಸತಕ್ಕದ್ದು. ಎಲ್ಲವನ್ನೂ ಕಿತ್ತುಬಿಡಬಾರದು, ಬೇರು ಹುಟ್ಟಲು ಬೇಕಾದ ಆಹಾರವು ಆ ಎಲೆಗಳಲ್ಲಿಯೇ ಸಿದ್ಧವಾಗುತ್ತದೆ. ನಮ್ಮ ಸೀಮೆಯ ಒಣ ಗಾಳಿಗೆ ಕಡ್ಡಿಯನ್ನು ಒಡ್ಡದೆ, ಕುಂಡದ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಕವುಚಿ, ಬೆಳಕಿರುವ ನೆಳಲಿನಲ್ಲಿಡಬೇಕು. ಬಿಸಿಲಿನಲ್ಲಿಟ್ಟರೆ ಚೀಲದೊಳಗಿನ ಗಾಳಿ ಕಾದು ಕಡ್ಡಿ ಬೆಂದುಹೋಗುತ್ತದೆ. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಚೀಲ ತೆರೆದಿಡುವುದು ಒಳ್ಳೆಯದು. ಎರೆಮಣ್ಣು ನೀರನ್ನು ಬಹುಕಾಲ ಹಿಡಿದಿಡುವುದರಿಂದ ಅದೊಂದನ್ನೇ ತುಂಬದೆ ಮರಳನ್ನು ಧಾರಾಳವಾಗಿ ಬೆರೆಸತಕ್ಕದ್ದು. ಬುಡಕ್ಕೆ ತೇವದಷ್ಟೇ ಗಾಳಿಯೂ ಬೇಕು. ಕೆಸರಿನಲ್ಲಿ ನಿಂತ ಕಡ್ಡಿ ಕೊಳೆಯುತ್ತದೆ.

ದಾಳಿಂಬೆಗೆ ಬಲಿತ ಕಡ್ಡಿಯೇ ಯೋಗ್ಯ. ಚಳಿಗಾಲದಲ್ಲಿ ಗಿಡ ವಿಶ್ರಮಿಸುವಾಗ, ಪೆನ್ಸಿಲಿನ ಗಾತ್ರದ ರೆಂಬೆಯಿಂದ 20ರಿಂದ 25 ಸೆಂಟಿಮೀಟರು ಉದ್ದದ ತುಂಡುಗಳನ್ನು ತೆಗೆಯುತ್ತಾರೆ. ಕೆಳಗಿನ ಕಡಿತವು ಗೆಣ್ಣಿನ ಕೆಳಗೇ ಇರಬೇಕು. ತಲೆಕೆಳಗಾಗದಂತೆ ಎಚ್ಚರ ವಹಿಸಿ ನೆಡಬೇಕು. ಬೇರಿನ ಹುಟ್ಟಿಗೆ ನೆರವಾಗುವ ಇಂಡೋಲ್ ಬ್ಯೂಟಿರಿಕ್ ಆಮ್ಲದ ಪ್ರಭಾವವನ್ನು 1935ರಲ್ಲಿ ಅಮೆರಿಕದ ಝಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ ಎಂಬವರು ಪ್ರಕಟಿಸಿದರು. ಈಗ ಸಸ್ಯಪಾಲಕರು ಕಡ್ಡಿಯ ಬುಡವನ್ನು ಅದರಲ್ಲಿ ಅದ್ದಿ ನೆಡುವುದುಂಟು.

ಇಲ್ಲಿ ಎಚ್ಚರಿಕೆಯ ಮಾತೊಂದುಂಟು. ಕಡ್ಡಿಯು ತನ್ನೊಳಗೆ ಕೂಡಿಟ್ಟ ಆಹಾರದಿಂದಲೇ ಚಿಗುರಬಲ್ಲದು. ಚಿಗುರು ಬೇರಿಗೆ ಸಾಕ್ಷಿಯಲ್ಲ. ಚಿಗುರನ್ನು ಕಂಡೊಡನೆ ಹಿಗ್ಗಿ ಸಸಿಯನ್ನು ಹೊಲಕ್ಕೊಯ್ದರೆ, ಗಂಟು ಕರಗಿದ ದಿನ ಅದು ಬಾಡುತ್ತದೆ. ಕಿತ್ತು ನೋಡುವುದೂ ಸಲ್ಲದು. ಎಳೆಯ ಬೇರು ಮುರಿಯುತ್ತದೆ. ಮೆಲ್ಲನೆ ಅಲುಗಿಸಿದಾಗ ಕಡ್ಡಿ ಮಣ್ಣನ್ನು ಬಿಗಿಹಿಡಿದಿದ್ದರೆ, ಅಥವಾ ಕುಂಡದ ತಳದ ತೂತಿನಲ್ಲಿ ಬೇರು ಕಂಡರೆ, ಆಗ ನಂಬಬಹುದು.

ಹಸಿರು ಆರೋಗ್ಯಕ್ಕೂ ಸಾಕ್ಷಿಯಲ್ಲ. ಭಾರತದಲ್ಲಿ 1952ರಲ್ಲಿ ಮೊದಲು ವರದಿಯಾದ ದುಂಡಾಣು ಅಂಗಮಾರಿ ರೋಗವು ಈಚಿನ ದಶಕಗಳಲ್ಲಿ ಉತ್ತರ ಕರ್ನಾಟಕದ ಎಷ್ಟೋ ದಾಳಿಂಬೆ ತೋಟಗಳನ್ನು ಹಾಳುಮಾಡಿದೆ. ಎಲೆಯ ಮೇಲೆ ನೀರಲ್ಲಿ ನೆನೆದಂಥ ಚುಕ್ಕೆ, ಗೆಣ್ಣಿನಲ್ಲಿ ಕಪ್ಪು ಹುಣ್ಣು, ಕಲೆಬಿದ್ದು ಸೀಳುವ ಕಾಯಿ, ಇವು ಅದರ ಲಕ್ಷಣಗಳು. ಲಕ್ಷಣವಿಲ್ಲದ ಕಡ್ಡಿಯಲ್ಲಿಯೂ ರೋಗಾಣು ಅಡಗಿರಬಲ್ಲದು. ಹೀಗೆ ರೋಗವು ಕಡ್ಡಿಯೊಡನೆ ಊರಿಂದೂರಿಗೆ ಪ್ರಯಾಣ ಮಾಡುತ್ತದೆ. ರೋಗರಹಿತ ಸಸಿಗಾಗಿ ಅಂಗಾಂಶ ಕೃಷಿಯ ಗಿಡಗಳನ್ನು ಆರಿಸುವ ರೈತರೂ ಇದ್ದಾರೆ. ದಾಳಿಂಬೆಗೆಂದೇ 2005ರಲ್ಲಿ ಸೋಲಾಪುರದಲ್ಲಿ ರಾಷ್ಟ್ರೀಯ ಸಂಶೋಧನ ಕೇಂದ್ರವು ಆರಂಭವಾಯಿತು.

ನೆರೆಹೊರೆಯವರು ಅಥವಾ ಬೀಗರು ಪ್ರೀತಿಯಿಂದ ಕೊಟ್ಟ ಕಡ್ಡಿಯನ್ನು ಬೇಡವೆನ್ನುವುದು ಕಷ್ಟವೆಂದು ನಾವು ಬಲ್ಲೆವು. ಆದರೆ ಸಾಲ ತಂದು ನೆಟ್ಟ ತೋಟ ಹಾಳಾದರೆ ಮನೆಯ ಊಟಕ್ಕೂ ಮಕ್ಕಳ ಓದಿಗೂ ಅದರ ಪೆಟ್ಟು ತಗಲುತ್ತದೆ. ಆದುದರಿಂದ ತೋಟಕ್ಕೆ ಕಡ್ಡಿ ಪಡೆಯುವ ಮೊದಲು ತಾಯಿಗಿಡದ ಬಳಿಗೆ ಹೋಗಿ ಅದರ ಎಲೆ, ಗೆಣ್ಣು, ಕಾಯಿಗಳನ್ನು ಕಣ್ಣಾರೆ ನೋಡತಕ್ಕದ್ದು. ಸಂಶಯ ಬಂದರೆ ವಿನಯದಿಂದಲೇ ನಿರಾಕರಿಸತಕ್ಕದ್ದು. ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಒಯ್ಯುವಾಗ ಸ್ಪಿರಿಟ್ಟಿನಿಂದ ಒರೆಸುವುದನ್ನು ಮನೆಯ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಈಗಿನಿಂದಲೇ ಕಲಿಸಿರಿ.