ಟೈಗೆ ಇಸ್ತ್ರಿ ಬೇಡ, ಹಬೆ ಸಾಕು

ಆಷಾಢ ಕಳೆದು ಶ್ರಾವಣದ ಲಗ್ನಗಳು ಶುರುವಾದರೆ ಹನಗೋಡು, ಹುಣಸೂರು ಕಡೆಯ ಮನೆಗಳಲ್ಲಿ ಬೀರುವಿನಿಂದ ಕೋಟು ಹೊರಗೆ ಬರುತ್ತದೆ. ಜೊತೆಗೆ ಟೈ. ಹಿಂದಿನ ಆರತಕ್ಷತೆಗೆ ಹಾಕಿದ ಗಂಟಿನ ಗುರುತು ಅದರಲ್ಲಿ ಹಾಗೇ ಕೂತಿರುತ್ತದೆ, ಮೇಲೆ ಮಳೆಗಾಲದ ಶೀತ ಬೇರೆ. "ಅಂಗಿ ಜೊತೇಲಿ ಇದನ್ನೂ ಇಸ್ತ್ರಿಗೆ ಕೊಟ್ಬಿಡಪ್ಪ" ಎಂದು ಮಗನ ಕೈಲಿ ಕಳಿಸಿಬಿಡುತ್ತಾರೆ. ದಯವಿಟ್ಟು ಕಳಿಸಬೇಡಿ. ಅಂಗಿಗೆ ಒಗ್ಗುವ ಕಾವು, ಒಗ್ಗುವ ಭಾರ ಎರಡೂ ಟೈಗೆ ಒಗ್ಗುವುದಿಲ್ಲ.

ಟೈಯನ್ನು ಮಗುಚಿ ಹಿಂಬದಿ ನೋಡಿ. ಅಗಲವಾದ ತುದಿಯ ಹತ್ತಿರ ಎರಡು ಅಂಚು ಕೂಡುವ ಕಡೆ ಬೆರಳಿಟ್ಟು ಮೆಲ್ಲಗೆ ಬಿಡಿಸಿದರೆ ಒಳಗೆ ದಪ್ಪನೆಯ ಇನ್ನೊಂದು ಬಟ್ಟೆ ಕಾಣುತ್ತದೆ. ಟೈಗೆ ಮೈ ಕೊಡುವುದು ಅದೇ. ಒಳ್ಳೆಯ ಟೈಯಾದರೆ ಉದ್ದಕ್ಕೂ ಸಡಿಲವಾಗಿ ಓಡಿದ ಒಂದೇ ದಾರ, ತುದಿಯಲ್ಲಿ ಅದರ ಸಣ್ಣ ಕುಣಿಕೆಯೂ ಸಿಗಬಹುದು. ಆ ದಾರವನ್ನು ಕತ್ತರಿಸಬೇಡಿ. ಗಂಟು ಹಾಕಿ ಎಳೆದಾಗ ಟೈ ಹಿಗ್ಗಿ, ಬಿಚ್ಚಿದಾಗ ಹಿಂದಕ್ಕೆ ಬರಲು ಅದಕ್ಕೆ ಅವಕಾಶ ಕೊಡುವುದು ಆ ಸಡಿಲ ಹೊಲಿಗೆ. ಮೇಲಿನ ಬಟ್ಟೆಯನ್ನೂ ನೇರ ಎಳೆಗೆ ಕತ್ತರಿಸಿರುವುದಿಲ್ಲ. ದರ್ಜಿಗಳು ಕ್ರಾಸ್ ಅನ್ನುತ್ತಾರಲ್ಲ, ಹಾಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿರುತ್ತಾರೆ. ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ 1920ರ ದಶಕದಲ್ಲಿ ಪೇಟೆಂಟ್ ಪಡೆದ ಮೂರು ತುಂಡಿನ ಈ ಕಟಿಂಗೇ ಇಂದಿಗೂ ಚಾಲ್ತಿಯಲ್ಲಿದೆ.

ಇನ್ನು ಅಂಚು. ಅದು ಚೂಪಾದ ಮಡಿಕೆಯಲ್ಲ, ದುಂಡಗೆ ಉಬ್ಬಿದ ಸುರುಳಿ. ಇಸ್ತ್ರಿಪೆಟ್ಟಿಗೆ ಒಮ್ಮೆ ಅದರ ಮೇಲೆ ಹಾಯ್ದರೆ ಉಬ್ಬು ಚಪ್ಪಟೆಯಾಗುತ್ತದೆ, ಹಿಂಬದಿಯ ಹೊಲಿಗೆ ಗೆರೆ ಮುಂದೆ ಮೂಡುತ್ತದೆ, ರೇಷ್ಮೆ ಕಾಯ್ದ ಕಡೆ ಜಿಡ್ಡು ಹೊಳಪು ನಿಲ್ಲುತ್ತದೆ. ಈ ಮೂರರಲ್ಲಿ ಯಾವುದನ್ನೂ ಪೂರ್ತಿ ತೆಗೆಯುವುದು ಕಷ್ಟ.

ಮಾನಂದವಾಡಿ ರಸ್ತೆಯ ಮೈಸೂರು ರೇಷ್ಮೆ ಕಾರ್ಖಾನೆ 1912ರಿಂದ ಬಟ್ಟೆ ನೇಯುತ್ತಿದೆ. ಅಲ್ಲಿನ ಸೀರೆಯ ಮೇಲೆ ಕೆಂಡದ ಪೆಟ್ಟಿಗೆಯನ್ನು ನೇರವಾಗಿ ಇಡಲು ನಮ್ಮ ಹೆಣ್ಣುಮಕ್ಕಳು ಯಾರೂ ಒಪ್ಪುವುದಿಲ್ಲ. ಟೈಗೂ ಅದೇ ಎಚ್ಚರ ಸಲ್ಲಬೇಕು. ರೇಷ್ಮೆ ಎಂದರೆ ಪ್ರೋಟೀನಿನ ಎಳೆ. ಎಳೆಯೊಳಗಿನ ಸಣ್ಣ ಸಣ್ಣ ಬಂಧಗಳು ಮಡಿಸಿದ ಆಕಾರದಲ್ಲೇ ಕಚ್ಚಿಕೊಂಡಾಗ ಸುಕ್ಕು ನಿಲ್ಲುತ್ತದೆ. ಬಿಸಿ ತೇವ ಸೋಕಿದರೆ ಅವು ಸಡಿಲಗೊಳ್ಳುತ್ತವೆ, ಒಣಗುವಾಗ ಬಟ್ಟೆ ಹೇಗಿದೆಯೋ ಹಾಗೆ ಮತ್ತೆ ಕೂಡಿಕೊಳ್ಳುತ್ತವೆ. ಹಾಗಾಗಿ ಬೇಕಾದ್ದು ಹಬೆ, ಸಮಯ ಎರಡೇ. ನೀರು ಚಿಮುಕಿಸುವುದಂತೂ ಬೇಡ, ಹನಿ ಒಣಗಿದ ಕಡೆ ಬಣ್ಣದ ರೇಷ್ಮೆಯ ಮೇಲೆ ಉಂಗುರದಂಥ ಕಲೆ ಉಳಿಯುತ್ತದೆ.

ಮೊದಲ ದಿನ ಏನೂ ಮಾಡದೆ ನೇತುಹಾಕಿ ನೋಡಿ. ಸಾಧಾರಣ ಸುಕ್ಕು ರಾತ್ರಿ ಕಳೆಯುವುದರೊಳಗೆ ತಾನೇ ಇಳಿಯುತ್ತದೆ. ಇಳಿಯದಿದ್ದರೆ ಸಣ್ಣ ತುದಿಯಿಂದ ಸಡಿಲವಾಗಿ ಸುತ್ತಿ ಒಂದು ರಾತ್ರಿ ಇಡಿ. ಆಮೇಲೂ ಗಂಟಿನ ಜಾಗ ಮೊಂಡು ಹಿಡಿದರೆ ಹಬೆಗೆ ಹೋಗಿ. ಬಚ್ಚಲುಮನೆಯಲ್ಲಿ ಬಿಸಿನೀರು ತುಂಬಿದ ಬಕೆಟ್ ಇಟ್ಟು, ಬಾಗಿಲು ಹಾಕಿ, ನೀರು ಸಿಡಿಯದ ಎತ್ತರದಲ್ಲಿ ಹ್ಯಾಂಗರಿಗೆ ಟೈ ತೂಗುಬಿಡಿ. ಕಾಲು ಗಂಟೆ ಸಾಕು. ಸೌದೆ ಒಲೆಯ ಹಂಡೆ ಇರುವ ಮನೆಯಲ್ಲಿ ಉರಿ ಆರಿ ಹೊಗೆ ಹೋದ ಮೇಲೆ ಇದನ್ನು ಮಾಡಿ. ಮಸಿ, ಹೊಗೆವಾಸನೆ ರೇಷ್ಮೆಗೆ ಹತ್ತಿದರೆ ಬಿಡುವುದಿಲ್ಲ. ಕುಕ್ಕರಿನ ಹಬೆಗೆ ಹಿಡಿಯಬೇಡಿ. ಕೈಯೂ ಸುಡುತ್ತದೆ, ಬೇಳೆಯ ಗಂಜಿಯೂ ಸಿಡಿಯುತ್ತದೆ. ಸ್ಟೀಮ್ ಇಸ್ತ್ರಿ ಇದ್ದರೆ ಅದನ್ನು ಒಂದು ಗೇಣು ದೂರದಿಂದ ಆಡಿಸಿ, ಪೆಟ್ಟಿಗೆ ಬಟ್ಟೆಗೆ ತಾಕದಿರಲಿ. ಆಮೇಲೆ ಅಂಗೈಯಿಂದ ಒಮ್ಮೆ ಸವರಿ, ಪೂರ್ತಿ ಆರುವ ತನಕ ತೂಗಲಿ. ತೇವ ಇರುವಾಗಲೇ ಗಂಟು ಹಾಕಿದರೆ ಹೊಸ ಸುಕ್ಕು ಕೂತುಬಿಡುತ್ತದೆ.

ಇಸ್ತ್ರಿ ಮಾಡಲೇಬೇಕಾದ ಸಂದರ್ಭವೂ ಬರಬಹುದು. ಆಗ ರೇಷ್ಮೆಗೆ ಹೇಳಿದ ಕಡಿಮೆ ಕಾವಿನಲ್ಲಿ, ಹಿಂಬದಿಯಿಂದ, ಮೇಲೆ ಹಳೆಯ ಬಿಳಿ ಪಂಚೆಯ ತುಂಡು ಹಾಸಿ, ಪೆಟ್ಟಿಗೆಯನ್ನು ಎಳೆಯದೆ ಇಟ್ಟು ಎತ್ತಿ. ಅಂಚಿನ ಮೇಲೆ ಒತ್ತಬೇಡಿ. ಒಳಗೆ ಮಡಿಕೆಗಳ ನಡುವೆ ರಟ್ಟಿನ ಪಟ್ಟಿ ತೂರಿಸಿದರೆ ಹೊಲಿಗೆಯ ಗುರುತು ಮುಂದೆ ಬರುವುದಿಲ್ಲ. ಪೆಟ್ಟಿಗೆಯ ತಳಕ್ಕೆ ಒಂದು ಹನಿ ನೀರು ಮುಟ್ಟಿಸಿ ನೋಡಿ. ಚುರ್ ಎಂದು ಆರಿದರೆ ಮುಂದುವರಿಯಿರಿ, ಹನಿ ಆರದೆ ಗುಂಡಾಗಿ ಉರುಳಿ ಓಡಿದರೆ ಕಾವು ಮಿತಿ ಮೀರಿದೆ.

ಶಾಲೆಯ ಮಕ್ಕಳ ಎಲಾಸ್ಟಿಕ್ ಟೈ ಹೆಚ್ಚಾಗಿ ಪಾಲಿಯೆಸ್ಟರ್. ಅದರ ಎಳೆ 70–80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುವುದರಿಂದ ಹಬೆಗೆ ಬೇಗ ಸರಿಹೋಗುತ್ತದೆ. ಅತಿ ಕಾವಿನ ಕೆಂಡದ ಪೆಟ್ಟಿಗೆಗೆ ಸಿಕ್ಕರೆ ಮಾತ್ರ ತಳಕ್ಕೇ ಅಂಟಿಕೊಳ್ಳುತ್ತದೆ. ಹೆಣೆದ ಟೈಯನ್ನು ನೇತುಹಾಕಬಾರದು, ತನ್ನ ಭಾರಕ್ಕೇ ಉದ್ದವಾಗುತ್ತದೆ. ಟವೆಲ್ ಮೇಲೆ ಹರಡಿ ಹಬೆ ಕೊಟ್ಟು ಅಲ್ಲೇ ಆರಲು ಬಿಡಿ.

ಸುಕ್ಕು ಬೀಳುವ ಮುಖ್ಯ ಗಳಿಗೆ ಟೈ ಬಿಚ್ಚುವಾಗಿನದು. ರಾತ್ರಿ ಆರತಕ್ಷತೆ ಮುಗಿಸಿ ಬಂದ ಆಯಾಸದಲ್ಲಿ ಸಣ್ಣ ತುದಿಯನ್ನು ಗಂಟಿನೊಳಗಿಂದ ಎಳೆದು ತೆಗೆಯುತ್ತೇವೆ, ಇಲ್ಲವೇ ಗಂಟು ಸಮೇತ ಮೊಳೆಗೆ ಸಿಕ್ಕಿಸುತ್ತೇವೆ. ಹಾಕಿದ ಕ್ರಮದಲ್ಲೇ ಒಂದೊಂದು ಸುತ್ತು ಹಿಂದಕ್ಕೆ ಬಿಚ್ಚಲು ಅರ್ಧ ನಿಮಿಷವೂ ಬೇಡ.