ಸ್ವನಿರ್ಮಿತ ಬ್ಯಾಟರಿ ಮೊಬೈಲ್ ಚಾರ್ಜರ್‌ಗಳಲ್ಲಿ ಅತಿತಾಪ

ಸ್ವನಿರ್ಮಿತ ಬ್ಯಾಟರಿ ಮೊಬೈಲ್ ಚಾರ್ಜರ್‌ಗಳಲ್ಲಿ ಅತಿತಾಪ ಎಂಬುದು ಹವ್ಯಾಸಿಗಳು ಮನೆಯಲ್ಲಿಯೇ ಜೋಡಿಸಿಕೊಂಡ, ಬ್ಯಾಟರಿಯಿಂದ ನಡೆಯುವ ಚಾರ್ಜರ್‌ಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷವಾಗಿದೆ. ಬ್ಯಾಟರಿಯ ವೋಲ್ಟೇಜನ್ನು ಮೊಬೈಲಿಗೆ ಬೇಕಾದ 5 ವೋಲ್ಟಿಗೆ ಇಳಿಸುವಾಗ ಅಥವಾ ಏರಿಸುವಾಗ ಒಂದಷ್ಟು ಶಕ್ತಿ ಶಾಖವಾಗಿ ವ್ಯಯವಾಗುತ್ತದೆ. ಈ ಶಾಖವು ಹೊರಹೋಗುವುದಕ್ಕಿಂತ ಬೇಗನೆ ಉತ್ಪತ್ತಿಯಾದಾಗ ಚಾರ್ಜರಿನ ಉಷ್ಣಾಂಶ ಏರುತ್ತಾ ಹೋಗುತ್ತದೆ. ಸಾಧಾರಣ ಬಿಸಿ ಎಲ್ಲ ಚಾರ್ಜರ್‌ಗಳಲ್ಲಿಯೂ ಇರುವಂಥದ್ದೇ. ಆದರೆ ಲಿಥಿಯಂ ಅಯಾನ್ ಕೋಶಗಳನ್ನು ಬಳಸಿದ ಸಾಧನಗಳಲ್ಲಿ ಅತಿತಾಪವನ್ನು ಅಲಕ್ಷಿಸಿದರೆ ಅದು ಬೆಂಕಿ ಅನಾಹುತಕ್ಕೆ ಕಾರಣವಾಗಬಹುದು.

ಹಿನ್ನೆಲೆ

ಯುಎಸ್‌ಬಿ ಮೂಲಕ ಮೊಬೈಲ್ ಚಾರ್ಜ್ ಮಾಡುವ ಪದ್ಧತಿ ರೂಢಿಗೆ ಬಂದ ಬಳಿಕ, 5 ವೋಲ್ಟ್ ಒದಗಿಸುವ ಯಾವುದೇ ಮೂಲದಿಂದ ಮೊಬೈಲನ್ನು ಚಾರ್ಜ್ ಮಾಡುವುದು ಸಾಧ್ಯವಾಯಿತು. ಅಮೆರಿಕದ ಎಂಜಿನಿಯರ್ ಲಿಮೋರ್ ಫ್ರೀಡ್ ರೂಪಿಸಿದ 'ಮಿಂಟಿ ಬೂಸ್ಟ್' ಈ ಬಗೆಯ ಸಾಧನಗಳಲ್ಲಿ ಪ್ರಸಿದ್ಧವಾದದ್ದು. ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಎರಡು ಎಎ ಕೋಶಗಳನ್ನಿಟ್ಟು, ಅವುಗಳ ವೋಲ್ಟೇಜನ್ನು 5 ವೋಲ್ಟಿಗೆ ಏರಿಸುವುದು ಅದರ ತತ್ತ್ವ.

ಬೆಂಗಳೂರಿನಲ್ಲಿ ಪುರಭವನದ ಸಮೀಪದ ಎಸ್.ಪಿ. ರಸ್ತೆಯು ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಬಹುಕಾಲದಿಂದ ಹೆಸರಾಗಿದೆ. ತ್ಯಾಗರಾಜನಗರ, ಬಸವನಗುಡಿ, ಚಾಮರಾಜಪೇಟೆಗಳಂತಹ ಹಳೆಯ ಬಡಾವಣೆಗಳ ವಿದ್ಯಾರ್ಥಿಗಳಿಗೂ ಹವ್ಯಾಸಿಗಳಿಗೂ ಅದು ಸ್ವಲ್ಪ ದೂರದ ಬಸ್ ಪ್ರಯಾಣವಷ್ಟೆ. ಸಿದ್ಧ ಮಾಡ್ಯೂಲುಗಳು, ಕೋಶಗಳು, ಕೋಶದ ಹಿಡಿಕೆಗಳು ಅಲ್ಲಿ ಬಿಡಿಯಾಗಿ ದೊರೆಯುತ್ತವೆ. ಇವನ್ನು ತಂದು ಬೆಸುಗೆ ಹಾಕುವುದು ಕಷ್ಟವಲ್ಲ; ಬೆಸುಗೆ ಹಾಕಿದ ಮೇಲೆ ಎಷ್ಟು ವಿದ್ಯುತ್ ಯಾವ ದಾರಿಯಲ್ಲಿ ಹರಿಯುತ್ತಿದೆಯೆಂದು ಲೆಕ್ಕ ಹಾಕುವವರು ಕಡಿಮೆ. ಅತಿತಾಪದ ಬಹುಪಾಲು ಪ್ರಕರಣಗಳ ಮೂಲ ಇಲ್ಲಿದೆ.

ರೇಖೀಯ ನಿಯಂತ್ರಕದ ಶಾಖ

ಆರಂಭಿಕರು ಸಾಮಾನ್ಯವಾಗಿ ಕಟ್ಟುವ ಚಾರ್ಜರಿನಲ್ಲಿ 9 ವೋಲ್ಟಿನ ಚೌಕಾಕಾರದ ಬ್ಯಾಟರಿ ಮತ್ತು 7805 ಎಂಬ ಮೂರು ಕಾಲಿನ ನಿಯಂತ್ರಕ ಇರುತ್ತವೆ. 7805 ಹೆಚ್ಚುವರಿ ವೋಲ್ಟೇಜನ್ನು ಬೇರಾವ ಉಪಯೋಗಕ್ಕೂ ತಿರುಗಿಸುವುದಿಲ್ಲ, ಪೂರ್ತಿಯಾಗಿ ಶಾಖವಾಗಿ ಸುಡುತ್ತದೆ. ಬ್ಯಾಟರಿಯ 9 ವೋಲ್ಟಿನಲ್ಲಿ 5 ವೋಲ್ಟ್ ಮೊಬೈಲಿಗೆ ಹೋದರೆ ಉಳಿದ 4 ವೋಲ್ಟ್ ನಿಯಂತ್ರಕದ ಪಾಲು. ಮೊಬೈಲು ಅರ್ಧ ಆಂಪಿಯರ್ ಎಳೆದರೆ ನಿಯಂತ್ರಕದಲ್ಲಿ 2 ವಾಟ್ ಶಾಖ ಹುಟ್ಟುತ್ತದೆ. ಹೀಟ್ ಸಿಂಕ್ ಇಲ್ಲದ 7805ರ ಒಳಗಿನ ಉಷ್ಣಾಂಶವು ಪ್ರತಿ ವಾಟಿಗೆ ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ಅಂದರೆ 30 ಡಿಗ್ರಿಯ ಕೋಣೆಯಲ್ಲಿ ಅದರ ಒಳಭಾಗ 160 ಡಿಗ್ರಿಯತ್ತ ಸಾಗುತ್ತದೆ. ಆದರೆ ಸುಮಾರು 150 ಡಿಗ್ರಿಯ ಆಸುಪಾಸಿನಲ್ಲಿ ಅದರೊಳಗಿನ ರಕ್ಷಣಾ ವ್ಯವಸ್ಥೆ ಹರಿವನ್ನು ಕಡಿದುಹಾಕುತ್ತದೆ. ಮೊಬೈಲು ಕೆಲವು ನಿಮಿಷ ಚಾರ್ಜ್ ಆಗಿ, ನಿಂತು, ತಣಿದ ಮೇಲೆ ಮತ್ತೆ ಆರಂಭಿಸುವುದು ಇದರ ಲಕ್ಷಣ. ಇದನ್ನು ಅನೇಕರು ತಂತಿಯ ಸಡಿಲ ಸಂಪರ್ಕವೆಂದು ತಪ್ಪಾಗಿ ತಿಳಿಯುತ್ತಾರೆ.

ಮನೆಯ ಯುಪಿಎಸ್‌ನ ಅಥವಾ ದ್ವಿಚಕ್ರ ವಾಹನದ 12 ವೋಲ್ಟ್ ಬ್ಯಾಟರಿಗೆ ಇದೇ ನಿಯಂತ್ರಕವನ್ನು ಜೋಡಿಸಿದರೆ ನಷ್ಟ ಇನ್ನೂ ಹೆಚ್ಚು. 1 ಆಂಪಿಯರಿಗೆ 7 ವಾಟ್ ಶಾಖ ಹುಟ್ಟುತ್ತದೆ. ಮೊಬೈಲಿಗೆ ತಲಪುವುದು ಕೇವಲ 5 ವಾಟ್. ದೊಡ್ಡ ಹೀಟ್ ಸಿಂಕ್ ಹಾಕುವುದರಿಂದ ನಿಯಂತ್ರಕ ಉಳಿಯುತ್ತದೆಯೇ ಹೊರತು ಶಕ್ತಿಯ ಪೋಲು ನಿಲ್ಲುವುದಿಲ್ಲ. ಎಲ್‌ಎಂ 2596ರಂತಹ ಸ್ವಿಚಿಂಗ್ ಇಳಿಕೆ ಪರಿವರ್ತಕವನ್ನು ಬಳಸುವುದೇ ಇದಕ್ಕೆ ಸರಿಯಾದ ಪರಿಹಾರ. 9 ವೋಲ್ಟಿನ ಬ್ಯಾಟರಿಯಾದರೋ ಈ ಕೆಲಸಕ್ಕೆ ಒದಗುವಂಥದ್ದೇ ಅಲ್ಲ. ಅದರಲ್ಲಿರುವ ಒಟ್ಟು ಶಕ್ತಿ ಸುಮಾರು 4.5 ವಾಟ್-ಗಂಟೆ, ಇಂದಿನ ಮೊಬೈಲ್ ಬ್ಯಾಟರಿಗೆ 15ರಿಂದ 18 ವಾಟ್-ಗಂಟೆ ಬೇಕು.

ಲೋಹದ ಡಬ್ಬಿಗೆ ನಿಯಂತ್ರಕವನ್ನು ಬಿಗಿಯುವವರು ಗಮನಿಸಬೇಕಾದ ಒಂದು ಅಂಶವಿದೆ. 7805ರ ಬೆನ್ನಿನ ಲೋಹದ ಪಟ್ಟಿ ಋಣ ತಂತಿಗೆ ಸೇರಿದ್ದು, ಆದರೆ ನೋಡಲು ಅದರಂತೆಯೇ ಇರುವ ಎಲ್‌ಎಂ 317ರ ಪಟ್ಟಿ ಅದರ ಹೊರಹರಿವಿಗೆ ಸೇರಿದ್ದು. ಎರಡನೆಯದನ್ನು ಅಭ್ರಕದ ಹಾಳೆಯಿಲ್ಲದೆ ಡಬ್ಬಿಗೆ ತಿರುಪಿದರೆ ನೇರವಾಗಿ ಶಾರ್ಟ್ ಸರ್ಕ್ಯೂಟ್ ಆಗುವ ಸಾಧ್ಯತೆಯಿದೆ.

ಏರಿಕೆ ಪರಿವರ್ತಕ ಮತ್ತು ಲಿಥಿಯಂ ಕೋಶ

ಈಚಿನ ಚಾರ್ಜರ್‌ಗಳಲ್ಲಿ 18650 ಎಂಬ ಕೋಶವೇ ಹೆಚ್ಚು ಬಳಕೆಯಲ್ಲಿದೆ. ಹೆಸರು ಅದರ ಅಳತೆಯನ್ನೇ ಸೂಚಿಸುತ್ತದೆ: 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಪೂರ್ಣ ತುಂಬಿದಾಗ 4.2 ವೋಲ್ಟ್ ಇದ್ದು, ಬರಿದಾಗುತ್ತಾ 3 ವೋಲ್ಟಿನತ್ತ ಇಳಿಯುವ ಈ ಕೋಶದಿಂದ 5 ವೋಲ್ಟ್ ಪಡೆಯಲು ಏರಿಕೆ ಪರಿವರ್ತಕ ಬೇಕಾಗುತ್ತದೆ. ಹೊರಗೆ 2 ಆಂಪಿಯರ್ ಹರಿಯುತ್ತಿದ್ದರೆ ಕೋಶದಿಂದಲೂ 2 ಆಂಪಿಯರ್ ಹರಿಯುತ್ತಿದೆಯೆಂದು ಭಾವಿಸುವುದು ಸಾಮಾನ್ಯ ತಪ್ಪು. 5 ವೋಲ್ಟಿನಲ್ಲಿ 2 ಆಂಪಿಯರ್ ಎಂದರೆ 10 ವಾಟ್. ಪರಿವರ್ತಕದ ದಕ್ಷತೆ 85 ಶೇಕಡ ಎಂದಿಟ್ಟುಕೊಂಡರೆ ಕೋಶವು ಸುಮಾರು 11.8 ವಾಟ್ ಕೊಡಬೇಕಾಗುತ್ತದೆ. ಕೋಶ 4.1 ವೋಲ್ಟಿನಲ್ಲಿದ್ದಾಗ ಇದಕ್ಕೆ 2.9 ಆಂಪಿಯರ್ ಬೇಕು, 3.3 ವೋಲ್ಟಿಗೆ ಇಳಿದಾಗ 3.6 ಆಂಪಿಯರ್ ಬೇಕು.

ರೋಧದಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಆದ್ದರಿಂದ ಮೇಲಿನ ಎರಡು ಸ್ಥಿತಿಗಳ ನಡುವೆ ಕೋಶದೊಳಗಿನ ಶಾಖ ಒಂದೂವರೆ ಪಟ್ಟಾಗುತ್ತದೆ. ಚಾರ್ಜರ್ ಆರಂಭದಲ್ಲಿ ತಣ್ಣಗಿದ್ದು ಕೊನೆಯ ಹಂತದಲ್ಲಿ ಕಾಯುವುದಕ್ಕೆ ಇದು ಮುಖ್ಯ ಕಾರಣ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಬಿಡಿಸಿದ ಕೋಶವಾದರೆ ಸ್ಥಿತಿ ಇನ್ನೂ ಕೆಡುತ್ತದೆ. ಹೊಸ ಕೋಶದ ಆಂತರಿಕ ರೋಧ 0.05 ಓಮ್ ಇದ್ದು, ಸವೆದ ಕೋಶದಲ್ಲಿ ಅದು 0.15 ಓಮ್ ಆಗಿದ್ದರೆ, 3.6 ಆಂಪಿಯರಿನಲ್ಲಿ ಮೊದಲನೆಯದು ಸುಮಾರು 0.65 ವಾಟ್, ಎರಡನೆಯದು ಸುಮಾರು 1.9 ವಾಟ್ ಶಾಖ ಹೊರಹಾಕುತ್ತದೆ. ಸಮಾನ ಸ್ಥಿತಿಯ ಎರಡು ಕೋಶಗಳನ್ನು ಸಮಾಂತರವಾಗಿ ಜೋಡಿಸಿದರೆ ಪ್ರತಿ ಕೋಶದ ಪ್ರವಾಹ ಅರ್ಧವಾಗಿ, ಪ್ರತಿಯೊಂದರ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ. ಒಂದು ಹೊಸದು, ಒಂದು ಹಳೆಯದು ಎಂಬಂತೆ ಜೋಡಿಸುವುದು ಮಾತ್ರ ಸಲ್ಲದು. ಜೋಡಿಸುವ ಮುನ್ನ ಎರಡರ ವೋಲ್ಟೇಜನ್ನೂ ಸಮಗೊಳಿಸಬೇಕು.

ಕೋಶವನ್ನು ಮರುಪೂರಣ ಮಾಡಲು ಬಳಸುವ ಟಿಪಿ 4056 ಮಾಡ್ಯೂಲು ಸ್ವತಃ ರೇಖೀಯ ಸಾಧನ. 1 ಆಂಪಿಯರಿನಲ್ಲಿ, 3 ವೋಲ್ಟಿಗೆ ಇಳಿದ ಕೋಶವನ್ನು ತುಂಬುವಾಗ ಅದರಲ್ಲಿ 2 ವಾಟ್ ಶಾಖ ಹುಟ್ಟುತ್ತದೆ. ಅದರ ಮೇಲಿನ 1.2 ಕಿಲೋಓಮ್ ರೋಧಕದ ಬದಲು 2.4 ಕಿಲೋಓಮ್ ಹಾಕಿದರೆ ಪ್ರವಾಹವೂ ಶಾಖವೂ ಅರ್ಧಕ್ಕೆ ಇಳಿಯುತ್ತವೆ, ತುಂಬುವ ಸಮಯ ಇಮ್ಮಡಿಯಾಗುತ್ತದೆ. ಈ ಮಾಡ್ಯೂಲುಗಳಲ್ಲಿರುವ ರಕ್ಷಣಾ ಚಿಪ್ ಅತಿಪ್ರವಾಹವನ್ನೂ ಅತಿಬರಿದಾಗುವಿಕೆಯನ್ನೂ ತಡೆಯುತ್ತದೆ; ಕೋಶದ ಉಷ್ಣಾಂಶವನ್ನು ಅಳೆಯುವುದಿಲ್ಲ. ಟಿಪಿ 4056ರಲ್ಲಿ ಉಷ್ಣಾಂಶ ಅಳೆಯುವ ಕಾಲೊಂದು ಇದ್ದರೂ ಅಗ್ಗದ ಮಾಡ್ಯೂಲುಗಳಲ್ಲಿ ಅದನ್ನು ಋಣ ತಂತಿಗೆ ಸೇರಿಸಿ ನಿಷ್ಕ್ರಿಯಗೊಳಿಸಿರುತ್ತಾರೆ. 'ರಕ್ಷಣೆ ಇದೆ' ಎಂಬ ಮಾರಾಟಗಾರರ ಮಾತನ್ನು ಈ ಮಿತಿಯೊಳಗೆ ಅರ್ಥಮಾಡಿಕೊಳ್ಳಬೇಕು.

ದೋಷಪತ್ತೆ

ಮೊದಲು ತಿಳಿಯಬೇಕಾದುದು ಯಾವ ಭಾಗ ಕಾಯುತ್ತಿದೆ ಎಂಬುದು. ಡಬ್ಬಿಯ ಮೇಲೆ ಕೈಯಿಟ್ಟು ನೋಡಿದರೆ ಇದು ತಿಳಿಯುವುದಿಲ್ಲ. ಮುಚ್ಚಳ ತೆರೆದು, ಚಾರ್ಜರನ್ನು ಹೆಂಚಿನ ಅಥವಾ ಸಿಮೆಂಟಿನ ಮೇಲಿಟ್ಟು ಹತ್ತು ನಿಮಿಷ ನಡೆಸಿ, ಕೋಶ, ಪರಿವರ್ತಕ, ಹಿಡಿಕೆ, ತಂತಿಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಉಷ್ಣಮಾಪಕವಿದ್ದರೆ ಒಳ್ಳೆಯದು. ಬರಿಗೈಯಲ್ಲಿ ಹಿಡಿದುಕೊಂಡಿರಲಾಗದ ಲೋಹದ ಭಾಗದ ಉಷ್ಣಾಂಶ 60 ಡಿಗ್ರಿಯ ಆಸುಪಾಸಿನಲ್ಲಿದೆ ಎಂಬುದು ಸ್ಥೂಲ ಅಂದಾಜು.

ಮೊಬೈಲು ಜೋಡಿಸದೆಯೇ ಪರಿವರ್ತಕ ಬಿಸಿಯಾಗುತ್ತಿದ್ದರೆ ಬೆಸುಗೆಯಲ್ಲಿ ಶಾರ್ಟ್ ಇದೆ ಅಥವಾ ಚಿಪ್ ಹಾಳಾಗಿದೆ. ಹೊರೆಯೊಂದಿಗೆ ಮಾತ್ರ ಬಿಸಿಯಾದರೆ ಮಲ್ಟಿಮೀಟರನ್ನು ಶ್ರೇಣಿಯಲ್ಲಿ ಸೇರಿಸಿ ಪ್ರವಾಹವನ್ನು ಅಳೆಯಬೇಕು. ಮೊಬೈಲು ತನಗೆ ತೋಚಿದಷ್ಟು ಪ್ರವಾಹ ಎಳೆಯುವುದರಿಂದ ಪರೀಕ್ಷೆಗೆ 5 ಓಮ್, 10 ವಾಟಿನ ಸಿಮೆಂಟ್ ರೋಧಕ ಹೆಚ್ಚು ಅನುಕೂಲ. ಅದು ಸ್ಥಿರವಾಗಿ 1 ಆಂಪಿಯರ್ ಎಳೆಯುತ್ತದೆ. ಆ ರೋಧಕವೇ ಚೆನ್ನಾಗಿ ಕಾಯುವುದು ಸಹಜ.

ಬಳಿಕ, ಹೊರೆ ಇರುವಾಗಲೇ, ಪ್ರತಿ ಸಂಪರ್ಕದ ಎರಡು ತುದಿಗಳ ನಡುವಿನ ವೋಲ್ಟೇಜನ್ನು ನೋಡಬೇಕು. 1 ಆಂಪಿಯರಿನಲ್ಲಿ 0.1 ವೋಲ್ಟ್ ತೋರಿದರೆ ಅಲ್ಲಿ 0.1 ಓಮ್ ರೋಧವಿದೆಯೆಂದು ಅರ್ಥ. ಸ್ಪ್ರಿಂಗಿನ ಹಿಡಿಕೆಗಳಲ್ಲಿ ಇಂತಹ ರೋಧ ಅಡಗಿರುತ್ತದೆ, ಪ್ಲಾಸ್ಟಿಕ್ ಕರಗಿದ ಗುರುತು ಮೊದಲು ಕಾಣುವುದೂ ಅಲ್ಲಿಯೇ. ತೆಳುವಾದ ಯುಎಸ್‌ಬಿ ತಂತಿಯೂ ನಿರ್ದೋಷಿಯಲ್ಲ. ಒಂದು ಮೀಟರ್ ಉದ್ದದ ತೀರ ತೆಳು ತಂತಿಯಲ್ಲಿ, ಹೋಗಿಬರುವ ದಾರಿ ಸೇರಿ, ಸುಮಾರು 0.4 ಓಮ್ ರೋಧವಿರುತ್ತದೆ. 2 ಆಂಪಿಯರಿನಲ್ಲಿ ಅದು 0.8 ವೋಲ್ಟನ್ನು ನುಂಗುತ್ತದೆ. ಗಿಡ್ಡ, ದಪ್ಪ ತಂತಿ ಇದಕ್ಕೆ ಪರಿಹಾರ.

ಪರಿಸರದ ಪಾತ್ರವನ್ನೂ ಮರೆಯಬಾರದು. ಬೆಂಗಳೂರು ತಂಪು ಊರೆಂಬ ಹೆಸರಿದ್ದರೂ 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿದೆ. ಡಿಸೆಂಬರಿನಲ್ಲಿ ಸುಸೂತ್ರವಾಗಿ ನಡೆದ ಚಾರ್ಜರು ಏಪ್ರಿಲ್‌ನಲ್ಲಿ, ಅದರಲ್ಲೂ ವಿದ್ಯುತ್ ಕಡಿತದಿಂದ ಫ್ಯಾನೂ ನಿಂತಿರುವ ಮಧ್ಯಾಹ್ನದಲ್ಲಿ, ಮಿತಿ ಮೀರುವುದು ಅಚ್ಚರಿಯಲ್ಲ. ಸಾಬೂನಿನ ಡಬ್ಬಿಯೊಳಗೆ ತೂತುಗಳಿಲ್ಲದೆ ಮುಚ್ಚಿ, ಸುತ್ತ ಟೇಪು ಸುತ್ತಿದ ಚಾರ್ಜರಿನಲ್ಲಿ ಶಾಖಕ್ಕೆ ಹೊರದಾರಿಯಿರುವುದಿಲ್ಲ. ದಿಂಬಿನ ಕೆಳಗೆ ಇಡುವುದಂತೂ ಕೂಡದು.

ಅಪಾಯದ ಚಿಹ್ನೆಗಳು

ಲಿಥಿಯಂ ಅಯಾನ್ ಕೋಶವನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಬಿಸಿಯಿರುವಾಗ ಚಾರ್ಜ್ ಮಾಡಬಾರದು, 60 ಡಿಗ್ರಿಗಿಂತ ಬಿಸಿಯಿರುವಾಗ ಬಳಸಬಾರದು. ಉಷ್ಣಾಂಶ ಇದಕ್ಕಿಂತ ಬಹಳ ಏರಿದರೆ ಒಳಗಿನ ರಾಸಾಯನಿಕ ಕ್ರಿಯೆಗಳೇ ಶಾಖ ಉತ್ಪಾದಿಸತೊಡಗುತ್ತವೆ. 130 ಡಿಗ್ರಿಯ ಸುಮಾರಿಗೆ ಧನ, ಋಣ ಪದರಗಳ ನಡುವಿನ ಪಾಲಿಎಥಿಲೀನ್ ಪೊರೆ ಕರಗುತ್ತದೆ. ಆ ಹಂತದಲ್ಲಿ ಹೊರಗಿನ ತಂತಿಯನ್ನು ಕಿತ್ತರೂ ಪ್ರಯೋಜನವಿಲ್ಲ.

ಏನೂ ಜೋಡಿಸದಿದ್ದಾಗಲೂ ಬೆಚ್ಚಗಿರುವ, ಊದಿಕೊಂಡ, ಹೊರಕವಚ ಹರಿದ, ಸಿಹಿಯಾದ ದ್ರಾವಕದ ವಾಸನೆ ಬೀರುವ ಅಥವಾ 2.5 ವೋಲ್ಟಿಗಿಂತ ಕೆಳಗಿಳಿದು ಬಹುಕಾಲ ಬಿದ್ದಿದ್ದ ಕೋಶವನ್ನು ದುರಸ್ತಿ ಮಾಡುವ ಪ್ರಯತ್ನ ಬೇಡ. ಅದನ್ನು ಚುಚ್ಚದೆ, ಒತ್ತದೆ, ಮನೆಯ ಹೊರಗೆ ಬರಿಯ ನೆಲದ ಮೇಲೆ, ಉರಿಯುವ ವಸ್ತುಗಳಿಂದ ದೂರ ಇಡಬೇಕು. ಬೆಂಕಿ ಹತ್ತಿದರೆ ಮೊದಲು ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಕಡಿಯಬೇಕು. ಅನಂತರ ಧಾರಾಳವಾಗಿ ನೀರು ಸುರಿದು ತಣಿಸಬಹುದು. ಒಮ್ಮೆ ಆರಿದ ಕೋಶ ಮತ್ತೆ ಹೊತ್ತಿಕೊಳ್ಳುವುದುಂಟು. ಹೊಗೆ ವಿಷಕಾರಿಯಾದುದರಿಂದ ಕೋಣೆಯಲ್ಲಿ ನಿಲ್ಲಬಾರದು.

ನಿಯಮಗಳು

ಭಾರತದಲ್ಲಿ ಮಾರಾಟವಾಗುವ ಪವರ್ ಬ್ಯಾಂಕುಗಳಿಗೆ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಅನ್ವಯಿಸುತ್ತದೆ. ಮನೆಯಲ್ಲಿ ಸ್ವಂತಕ್ಕೆ ಕಟ್ಟಿಕೊಂಡವು ಇಂತಹ ಯಾವ ಪರೀಕ್ಷೆಗೂ ಒಳಪಟ್ಟಿರುವುದಿಲ್ಲ. ವಿಮಾನ ಪ್ರಯಾಣದಲ್ಲಿ ಪವರ್ ಬ್ಯಾಂಕುಗಳನ್ನು ಕೈಚೀಲದಲ್ಲಷ್ಟೇ ಒಯ್ಯಬಹುದು. ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಮಿತಿ 100 ವಾಟ್-ಗಂಟೆ. ಗುರುತುಚೀಟಿಯಿಲ್ಲದ ಸ್ವನಿರ್ಮಿತ ಸಾಧನವನ್ನು ಭದ್ರತಾ ಸಿಬ್ಬಂದಿ ತಡೆಯುವ ಸಂಭವ ಹೆಚ್ಚು. ಬಳಕೆ ಮುಗಿದ ಕೋಶಗಳು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಅವುಗಳ ತುದಿಗಳಿಗೆ ಟೇಪು ಅಂಟಿಸಿ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಬೇಕು. ಮನೆಗಸದೊಂದಿಗೆ ಹಾಕಿದರೆ ಕಸದ ವಾಹನದಲ್ಲಿ ನಜ್ಜಾಗಿ ಅಲ್ಲಿಯೇ ಹೊತ್ತಿಕೊಳ್ಳಬಹುದು.